ಹಳದಿ ರೆಕ್ಕೆಗೆ ಕೊಡಲಿ

ಪುಟ್ಟಿ ಅವನ ಕೆನ್ನೆಗೆ ಬಾರಿಸಿದ ಸದ್ದು ಇಡೀ ಬಯಲಿಗೆ ಕೇಳಿಸಿತು ಎಂದು ಆಮೇಲೆ ಎಲ್ಲರೂ ಹೇಳಿದರು. ಸುಳ್ಳು. ಅಷ್ಟು ಇಂಜಿನ್‌ಗಳ ಗದ್ದಲದಲ್ಲಿ ಕೆನ್ನೆಯೇಟು ಯಾರಿಗೆ ಕೇಳಿಸುತ್ತದೆ? ಆದರೆ ಬಾರಿಸಿದ್ದಂತೂ ನಿಜ, ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿಯೇ ಬಾರಿಸಿದಳು. ಕಾಕ್‌ಪಿಟ್‌ನಿಂದ ಆಗಷ್ಟೇ ಕೆಳಗಿಳಿದಿದ್ದ ಪೈಲಟ್ ತನ್ನ ಹಳದಿ ವಿಮಾನಕ್ಕೇ ಒರಗಿ ನಿಂತ.

“ಕಣ್ಣು ಕಾಣಲ್ವೇನ್ರೀ ನಿಮಗೆ? ನಮ್ಮಣ್ಣ ಎದುರಿಂದ ಏಳ್ತಾ ಇದ್ದ! ಎದುರಿಂದ! ಒಂಚೂರು ಹೆಚ್ಚುಕಡಿಮೆ ಆಗಿದ್ರೆ ಇಬ್ಬರನ್ನೂ ಗೋಣಿಚೀಲಕ್ಕೆ ತುಂಬ್ಕೊಂಡು ಹೋಗ್ಬೇಕಿತ್ತು!”

ಅವನು ನಿಧಾನವಾಗಿ ಹೆಲ್ಮೆಟ್ ತೆಗೆದ, ಕನ್ನಡಕ ತೆಗೆದ. ಪುಟ್ಟಿಯ ಜೀವ ಬಾಯಿಗೆ ಬಂತು. ಬಡಗಿ!

“ಹೋದ ವರ್ಷ ಹೇಳಿದ್ನಲ್ಲ, ಮುಂದಿನ ಸಲ ನನ್ನದೇ ವಿಮಾನದಲ್ಲಿ ಬರ್ತೀನಿ ಅಂತ,” ಅವನು ಕೆನ್ನೆ ಸವರಿಕೊಂಡ. “ಸ್ವಾಗತ ಜೋರಾಗಿದೆ. ಕೈ ನೋವಾಯ್ತಾ?”

ಕೇಳಿದ ರೀತಿಯಾದರೂ ಎಂಥದ್ದು! ಐದು ಬೆರಳಿನ ಗುರುತು ಕೆನ್ನೆಯ ಮೇಲೆ ಕೆಂಪಗೆ ಏಳುತ್ತಿದೆ, ಈ ಮಹಾರಾಯ ಅವಳ ಅಂಗೈಯನ್ನೇ ನೋಡುತ್ತಿದ್ದಾನೆ.

ಇದು ಹವ್ಯಾಸಿ ಪೈಲಟ್‌ಗಳ ಕೂಟ. ವಾರವೆಲ್ಲ ಅಂಗಡಿ, ಕ್ಲಿನಿಕ್ಕು, ಗ್ಯಾರೇಜು ಎಂದು ದುಡಿಯುವ ಜನ ವರ್ಷಕ್ಕೊಮ್ಮೆ ತಮ್ಮ ಪುಟ್ಟ ವಿಮಾನಗಳಲ್ಲಿ ಹಾರಿ ಬಂದು ಈ ಹುಲ್ಲಿನ ರನ್‌ವೇ ಪಕ್ಕ ಟೆಂಟ್ ಹಾಕುತ್ತಾರೆ. ಎರಡು ದಿನ ಹಾರಾಟ, ಹರಟೆ, ಒಬ್ಬರ ಇಂಜಿನ್ ಬಗ್ಗೆ ಇನ್ನೊಬ್ಬರ ಕೊಂಕು. ನೆಲ ಅಣ್ಣನದು, ಕೂಟದ ಯಜಮಾನಿಕೆಯೂ ಅಣ್ಣನದು. ಯಾವ ವಿಮಾನ ಎಲ್ಲಿ ನಿಲ್ಲಬೇಕು, ಯಾವ ಗೂಟಕ್ಕೆ ಯಾವ ಹಗ್ಗ, ಇದೆಲ್ಲ ತಂಗಿಯ ಕೆಲಸ. ಇಪ್ಪತ್ತೆಂಟು ತುಂಬಿದರೂ ಅಣ್ಣನ ಬಾಯಲ್ಲಿ ಪುಟ್ಟಿ, ಹಾಗಾಗಿ ಊರಿನ ಬಾಯಲ್ಲೂ ಪುಟ್ಟಿಯೇ.

ಬಡಗಿ ಎಂದರೆ ನಿಜವಾದ ಬಡಗಿ. ಬಾಗಿಲು, ಮಂಚ, ಮೇಜು ಮಾಡುವವನು. ಮೂರು ಕೂಟಗಳಿಗೆ ಯಾರದೋ ವಿಮಾನದ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದ. ಬಂದಾಗಲೆಲ್ಲ ಹಗ್ಗ ಬಿಗಿಯಲು ಪುಟ್ಟಿಗೆ ಸಹಾಯ ಮಾಡುತ್ತಿದ್ದ. ಮಾತು ಕಮ್ಮಿ, ನೋಟ ಜಾಸ್ತಿ. ಅವಳು ಗಂಟು ಹಾಕುವಾಗ ಗಂಟು ನೋಡುವುದು ಬಿಟ್ಟು ಅವಳ ಮುಂಗುರುಳು ನೋಡುವವನು. ಮನೆಯಲ್ಲಿ ತಾನೇ ಒಂದು ವಿಮಾನ ಕಟ್ಟುತ್ತಿದ್ದೇನೆ, ಮರದ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ ಎಂದು ಹೇಳಿದ್ದ. ಈಗ ನೋಡಿದರೆ ಕಟ್ಟಿಯೇ ಬಿಟ್ಟಿದ್ದ.

“ನೀವು ಯಾಕೆ ಉಲ್ಟಾ ಇಳಿದ್ರಿ?” ಪುಟ್ಟಿಯ ದನಿ ಅರ್ಧಕ್ಕೆ ಇಳಿದಿತ್ತು.

“ಉಲ್ಟಾ ಎಲ್ಲಿ? ಅಲ್ನೋಡಿ.”

ಅವನು ತೋರಿಸಿದ ಕಡೆ, ಹುಲ್ಲಿನ ಮೇಲೆ, ಬಿಳಿ ಹಲಗೆಗಳ ದೊಡ್ಡ ‘ಟಿ’ ಬಿದ್ದುಕೊಂಡಿತ್ತು. ಮೇಲಿನಿಂದ ನೋಡುವವರಿಗೆ ಯಾವ ದಿಕ್ಕಿಗೆ ಇಳಿಯಬೇಕೆಂದು ಹೇಳುವ ಗುರುತು ಅದು. ಬೆಳಗ್ಗೆ ಹೇಗಿತ್ತೋ ಹಾಗೇ ಇದೆ! ಗಾಳಿ ಸುಮ್ಮನಿತ್ತು, ಜನಕ್ಕೆ ಚೆನ್ನಾಗಿ ಕಾಣಲಿ ಎಂದು ಅಣ್ಣ ಆಚೆ ತುದಿಯಿಂದ ಏಳಲು ಹೊರಟು, ದಿಕ್ಕು ಬದಲಾಯಿತೆಂದು ರೇಡಿಯೋದಲ್ಲಿ ಸಾರಿದ್ದ. ಮೊದಲು ಟಿ ತಿರುಗಿಸಬೇಕು, ಆಮೇಲೆ ರೇಡಿಯೋದಲ್ಲಿ ಹೇಳಬೇಕು, ಅದು ಕೂಟದ ನಿಯಮ. ಅಣ್ಣ ಸಾರಿದ್ದು ಕೇಳಿ, ಟಿ ತಿರುಗಿಸಿಯೇ ಇರುತ್ತಾನೆಂದು ಅವಳು ನಂಬಿದ್ದಳು. ಬಡಗಿಯ ವಿಮಾನದಲ್ಲಿ ರೇಡಿಯೋ ಇರಲೇ ಇಲ್ಲ.

ಅವಳು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಓಡಿ ಬಂದ. ಎದುರಿಗೆ ಬಂದ ಸಾವನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ಅರ್ಧ ಎದ್ದ ವಿಮಾನವನ್ನು ಬೇಲಿಯ ಹತ್ತಿರ ನಿಲ್ಲಿಸಿ ಬಂದವನು. ಮುಖ ಸುಣ್ಣದಷ್ಟು ಬಿಳಿ. ಯಾರು ಏನು ಎಂದು ಕೇಳಲಿಲ್ಲ, ಮುಷ್ಟಿ ಬೀಸಿದ. ಬಡಗಿಯ ತುಟಿ ಒಡೆಯಿತು. ಎರಡನೇ ಏಟು ಕಣ್ಣಿಗೆ. ಮೂರನೆಯದಕ್ಕೆ ಪುಟ್ಟಿ ಅಡ್ಡ ಬಂದಳು, ಅದು ಅವಳ ಭುಜಕ್ಕೆ ಬಿತ್ತು.

“ಅಣ್ಣಾ, ಟಿ ನೋಡೋ! ತಿರುಗ್ಸೇ ಇಲ್ಲ ನೀನು! ತಪ್ಪು ನಿಂದು!”

ಸುತ್ತ ಸೇರಿದ್ದ ಜನವೆಲ್ಲ ಒಟ್ಟಿಗೆ ಟಿ ಕಡೆ ತಿರುಗಿದರು. ಮನೆಯೊಳಗೆ ಹೇಳಿದ್ದರೆ ಅಣ್ಣ ಒಪ್ಪುತ್ತಿದ್ದನೋ ಏನೋ. ಎಲ್ಲರೆದುರು ಮರ್ಯಾದೆ ಹೋದಾಗ ಅವನಿಗೆ ಇದ್ದಬದ್ದ ಬುದ್ಧಿಯೂ ಹೋಯಿತು.

“ಮಧ್ಯಾಹ್ನದೊಳಗೆ ಇವನು ಇಲ್ಲಿಂದ ತೊಲಗಬೇಕು. ಇನ್ಮೇಲೆ ನನ್ನ ನೆಲಕ್ಕೆ ಇವನ ಚಕ್ರ ತಾಗಿದ್ರೆ ಕಾಲು ಮುರೀತೀನಿ. ಪುಟ್ಟಿ, ನಿನಗೆ ಇವನು ಬೇಕೋ ನಾನು ಬೇಕೋ ಈಗಲೇ ತೀರ್ಮಾನ ಮಾಡ್ಕೋ.”

ಅಪ್ಪ ಅಮ್ಮ ಹೋದಾಗ ಪುಟ್ಟಿಗೆ ಆರು ವರ್ಷ, ಅಣ್ಣನಿಗೆ ಹದಿನೆಂಟು. ಜಡೆ ಹಾಕುವುದನ್ನು ಪಕ್ಕದ ಮನೆಯವರಿಂದ ಕಲಿತು ಬಂದು ಅವಳಿಗೆ ಜಡೆ ಹಾಕಿದವನು. ಅಂಥವನನ್ನು ಬಿಡುವುದು ಹೇಗೆ? ಇವನನ್ನು ಕಳಿಸಿಬಿಟ್ಟರೆ ಮತ್ತೆ ನೋಡುವುದು ಎಲ್ಲಿ? ಪುಟ್ಟಿ ನಲ್ಲಿಯ ಕಡೆ ನಡೆದಳು.

ನಲ್ಲಿಯ ಹತ್ತಿರ ಬಡಗಿ ಬಗ್ಗಿ ರಕ್ತ ಉಗುಳುತ್ತಿದ್ದ. ಪುಟ್ಟಿ ತನ್ನ ಕರ್ಚೀಫು ಒದ್ದೆ ಮಾಡಿ ಅವನ ತುಟಿಗೆ ಒತ್ತಿದಳು. ಕೋಪಕ್ಕೆ ಸ್ವಲ್ಪ ಜೋರಾಗಿಯೇ ಒತ್ತಿದಳು.

“ಅಯ್ಯೋ! ಅಣ್ಣ ತಂಗಿ ಇಬ್ಬರೂ ಪಾಳಿ ಹಾಕ್ಕೊಂಡು ಹೊಡೀತೀರಾ?”

“ತಿರುಗಿಸಿ ಒಂದು ಕೊಡೋಕೇನಾಗಿತ್ತು ನಿಮಗೆ? ಕೈ ಇರಲಿಲ್ವಾ?”

“ಹೆಣ್ಣು ಕೇಳೋಕೆ ಬಂದ ಮನೇಲಿ ಕೈ ಎತ್ತೋದು ಚೆನ್ನಾಗಿರಲ್ಲ ಅಂತ ಸುಮ್ಮನಿದ್ದೆ.”

ಕರ್ಚೀಫು ಅಲ್ಲೇ ನಿಂತಿತು. ಅವನು ಕಣ್ಣು ತಪ್ಪಿಸಲಿಲ್ಲ. ಒಂದು ಕಣ್ಣು ಊದಿಕೊಂಡಿತ್ತು, ಇನ್ನೊಂದು ಅವಳನ್ನು ಮೆಲ್ಲಗೆ, ಮುಖದ ತುಂಬಾ, ಓದಿಕೊಳ್ಳುತ್ತಿತ್ತು.

“ಹಾಗಾದ್ರೆ ಕೇಳಿ,” ಎಂದಳು.

“ಈಗ ಬೇಡ. ಪೆಟ್ಟು ತಿಂದವನು ಕೇಳಿದ್ರೆ ನೀವು ಕರುಣೆಗೆ ಹೂಂ ಅಂದ್ಬಿಡ್ತೀರ.”

“ಕರುಣೆಗೆ ಹೂಂ ಅನ್ನೋಳ ಥರ ಕಾಣ್ತೀನಾ ನಾನು?”

“ಇಲ್ಲ. ಕರುಣೆ ಬಂದ್ರೂ ಬಾರಿಸೋಳ ಥರ ಕಾಣ್ತೀರ.”

ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು.

ಅಷ್ಟರಲ್ಲಿ ಅಣ್ಣ ಸುಮ್ಮನಿರಲಿಲ್ಲ. ಯಾರೋ ಕಟ್ಟಿಟ್ಟಿದ್ದ ಹಳದಿ ವಿಮಾನದ ಹಗ್ಗ ತಾನೇ ಬಿಚ್ಚಿ, ಅದನ್ನು ಸಾಲಿನಿಂದ ಹೊರಗೆ, ಬಯಲಿನ ತುತ್ತತುದಿಗೆ ತಳ್ಳಿಕೊಂಡು ಹೋಗಿ ಬಿಟ್ಟು ಬಂದಿದ್ದ. ಗೂಟವಿಲ್ಲ, ಹಗ್ಗವಿಲ್ಲ. ಹೇಗೂ ಹೊರಡುವವನಲ್ಲವೇ, ಹೊರಡಲಿ ಎಂದು.

ಬಿರುಗಾಳಿ ಆ ತುದಿಯಿಂದಲೇ ಬಂತು.

ಮುನ್ಸೂಚನೆಯಲ್ಲಿ ಇರಲಿಲ್ಲ, ಎಂದು ಎಲ್ಲರೂ ಬಯ್ದರು. ಕೆಂಪು ಧೂಳಿನ ಗೋಡೆಯೊಂದು ಬೇಲಿ ದಾಟಿತು, ಅಡುಗೆ ಟೆಂಟ್ ಪಾತ್ರೆಗಳ ಸಮೇತ ಎದ್ದು ಹೋಯಿತು. ಕ್ಯಾಪ್ಟನ್ ಅಜ್ಜಿ ಸೀಟಿ ಊದಿದರು. ಅವರು ನಿವೃತ್ತ ಗಣಿತ ಟೀಚರ್, ಎಪ್ಪತ್ತು ದಾಟಿದ ಮೇಲೂ ಒಬ್ಬರೇ ಹಾರುವುದರಿಂದ ಕೂಟದವರಿಗೆಲ್ಲ ಕ್ಯಾಪ್ಟನ್, ಬಾಯಿ ಮಾತ್ರ ಟೀಚರದ್ದಲ್ಲ.

“ಗಾಳಿ ಕಡೆಯ ಮೊದಲನೇ ವಿಮಾನ ಹಿಡೀರ್ರೋ! ನಿಮ್ಮ ನಿಮ್ಮದನ್ನ ಬಿಡ್ರಿ, ದರಿದ್ರದೋರೆ! ಮೊದಲನೇದು ಹಿಡೀರಿ!”

ಕೂಟಕ್ಕೆ ಬರುವ ಎಲ್ಲರಿಗೂ ಇದು ಗೊತ್ತು. ಗಾಳಿಗೆ ಮೊದಲು ಸಿಗುವ ವಿಮಾನ ಹಾರಿಬಿದ್ದರೆ ಅದು ಒಂದೇ ಹಾಳಾಗುವುದಿಲ್ಲ, ಉರುಳಿಕೊಂಡು ಇಡೀ ಸಾಲಿನ ಮೇಲೆ, ರೆಕ್ಕೆಗಳ ಕೆಳಗಿನ ಟೆಂಟುಗಳ ಮೇಲೆ, ಟೆಂಟಿನಲ್ಲಿ ಅಡಗಿದ ಮಕ್ಕಳ ಮೇಲೆ ಬರುತ್ತದೆ. ಇವತ್ತು ಗಾಳಿಗೆ ಮೊದಲು ಸಿಕ್ಕಿದ್ದು ಹಗ್ಗ ಬಿಚ್ಚಿದ ಹಳದಿ ವಿಮಾನ.

ಬಡಗಿ ಆಗಲೇ ಓಡುತ್ತಿದ್ದ. ಪುಟ್ಟಿ ಹಿಂದೆ. ಇಬ್ಬರೂ ಒಂದೊಂದು ರೆಕ್ಕೆಗೆ ಜೋತುಬಿದ್ದರು. ಅಜ್ಜಿ ಏದುಸಿರು ಬಿಡುತ್ತ ಬಂದು ಬಾಲದ ಮೇಲೆ ಬೋರಲು ಬಿದ್ದುಕೊಂಡು ಗಾಳಿಯ ವಂಶವನ್ನೆಲ್ಲ ಬಯ್ಯತೊಡಗಿದರು. ಪುಟ್ಟಿ ಕತ್ತು ತಿರುಗಿಸಿ ನೋಡಿದಳು. ಅಣ್ಣ ತನ್ನ ವಿಮಾನದ ರೆಕ್ಕೆ ತಬ್ಬಿಕೊಂಡು ನಿಂತಿದ್ದ.

“ಅಣ್ಣಾ! ಇಲ್ಲಿಗೆ ಬಾರೋ!”

ಗಾಳಿ ಕೂಗನ್ನು ಕಿತ್ತುಕೊಂಡು ಹೋಯಿತು. ಅಣ್ಣ ಬರಲಿಲ್ಲ. ಹಳದಿ ವಿಮಾನ ಒಂದು ಚಕ್ರ ಎತ್ತಿತು, ಪುಟ್ಟಿಯ ಕಾಲು ನೆಲ ಬಿಟ್ಟಿತು. ಮತ್ತೆ ಕೆಳಗೆ ಅಪ್ಪಳಿಸಿದಾಗ ಹಲ್ಲು ನಾಲಿಗೆಯನ್ನು ಕಚ್ಚಿ ಬಾಯಿ ತುಂಬ ರಕ್ತ.

“ಮೂವರಿಗೆ ಆಗಲ್ಲ!” ಬಡಗಿ ಅರಚಿದ. ಸೊಂಟದಿಂದ ಚಾಕು ತೆಗೆದ. “ಬಟ್ಟೆ ಸೀಳಿದ್ರೆ ರೆಕ್ಕೆ ಸಾಯುತ್ತೆ! ಏಳೋಕಾಗಲ್ಲ! ಬೆಂಕಿ ನಂದ್ಸೋ ಪೆಟ್ಟಿಗೆ ಹತ್ರ ಕೊಡಲಿ ಇದೆ, ತಗೊಂಡು ಬಾ, ನಿನ್ನ ಕಡೆದು ನೀನು ಸೀಳು!”

ಬೆಂಕಿ ನಂದಿಸುವ ಸಾಮಾನಿನ ಪೆಟ್ಟಿಗೆ ಹತ್ತು ಮಾರು ದೂರವೂ ಇರಲಿಲ್ಲ. ಕೊಡಲಿ ಹಿಡಿದು ತೆವಳಿಕೊಂಡು ಬಂದ ಪುಟ್ಟಿ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದಳು. ರೆಕ್ಕೆಯ ಉದ್ದಕ್ಕೂ ಹೊಲಿಗೆ, ಸಣ್ಣ ಸಣ್ಣ ಹೊಲಿಗೆ, ಒಂದೊಂದನ್ನೂ ಅವನೇ ಹಾಕಿದ್ದು.

“ನಾಲ್ಕು ವರ್ಷ ಕಟ್ಟಿದ್ದಲ್ವೇನೋ ಇದು!”

“ಟೆಂಟಲ್ಲಿ ಮಕ್ಕಳಿದಾವೆ ಕಣೇ! ಹೊಡಿ!”

ಹೊಡೆದಳು. ಬಟ್ಟೆ ಚರ್ರೆಂದು ಬಿರಿಯಿತು. ಮತ್ತೆ ಹೊಡೆದಳು. ಅಳುತ್ತ, ಬಯ್ಯುತ್ತ, ಅಣ್ಣನಿಗೆ, ಗಾಳಿಗೆ, ತನ್ನ ಹಣೆಬರಹಕ್ಕೆ ಸೇರಿಸಿ ಹೊಡೆದಳು. ಮರದ ಚೂರು ಸಿಡಿದು ಹುಬ್ಬು ಸೀಳಿತು, ಕಣ್ಣಿಗೆ ರಕ್ತ ಇಳಿಯಿತು, ಆದರೂ ನಿಲ್ಲಿಸಲಿಲ್ಲ. ಆಚೆ ಕಡೆ ಬಡಗಿ ತನ್ನ ಕೈಯಾರೆ ಕಟ್ಟಿದ್ದನ್ನು ತನ್ನ ಕೈಯಾರೆ ಹರಿಯುತ್ತಿದ್ದ. ದೊಡ್ಡದೊಂದು ಬೀಸು ಬಂತು, ವಿಮಾನ ನಡುಗಿತು, ಸೀಳಿದ ಬಟ್ಟೆಯ ನಡುವೆ ಗಾಳಿ ನುಗ್ಗಿ ಹೊರಟುಹೋಯಿತು. ಚಕ್ರ ನೆಲ ಬಿಡಲಿಲ್ಲ.

ಗಾಳಿ ಹೋಗಿ ಮಳೆ ಬಂದಾಗ ಸಾಲಿನಲ್ಲಿ ಒಂದು ಟೆಂಟಿನ ಮೇಲೂ ವಿಮಾನ ಬಿದ್ದಿರಲಿಲ್ಲ. ಹಳದಿ ವಿಮಾನ ಎಲುಬು ತೋರಿಸಿಕೊಂಡು ನಿಂತಿತ್ತು. ಅಜ್ಜಿ ಬಾಲದಿಂದ ಇಳಿದು, “ನನ್ನ ಸೊಂಟ ಯಾರಾದ್ರೂ ಹುಡುಕಿಕೊಡ್ರಪ್ಪಾ,” ಎಂದರು.

ಅಣ್ಣ ಬಂದ. ಮುಷ್ಟಿ ಇನ್ನೂ ಬಿಗಿದೇ ಇತ್ತು. ಪುಟ್ಟಿ ಬಡಗಿಯ ಮುಂದೆ ಬಂದು ಕೊಡಲಿ ಎತ್ತಿದಳು.

“ಇನ್ನೊಂದು ಹೆಜ್ಜೆ ಇಟ್ರೆ ಅಣ್ಣ ಅಂತಾನೂ ನೋಡಲ್ಲ.”

ಅವನು ಅವಳನ್ನು ನೋಡಿದ, ಅವಳ ಹುಬ್ಬಿನ ರಕ್ತ ನೋಡಿದ. ಕೆಸರಿನಲ್ಲೇ ಕುಸಿದು ಕೂತ.

“ಹಗ್ಗ ಬಿಚ್ಚಿದ್ದು ನಾನು,” ಎಂದ, ಎಲ್ಲರಿಗೂ ಕೇಳುವಂತೆ. “ಟಿ ತಿರುಗಿಸದೇ ಇದ್ದಿದ್ದೂ ನಾನೇ. ಕೂಗಿದ್ದು ಕೇಳಿಸ್ತು ಪುಟ್ಟಿ. ಕೇಳಿಸಿದ್ರೂ ಬರಲಿಲ್ಲ.” ಆಮೇಲೆ ಬಡಗಿಯ ಕಡೆ ತಲೆ ಎತ್ತಿ, “ನನ್ನ ವಿಮಾನ ತಗೊಂಡು ಹೋಗಪ್ಪ. ನಾನು ಇಟ್ಕೊಂಡು ಏನು ಮಾಡಲಿ.”

“ವಿಮಾನ ಬೇಡ,” ಬಡಗಿ ಅವನಿಗೆ ಕೈ ಕೊಟ್ಟು ಎಬ್ಬಿಸಿದ. “ಶೆಡ್ಡಲ್ಲಿ ಒಂದು ಮೂಲೆ ಕೊಡಿ, ರಿಪೇರಿ ಆಗೋವರೆಗೆ.”

“ಎಷ್ಟು ದಿನ?”

“ನಾನು ಸೀಳಿದ ಕಡೆ ಬೇಗ ಆಗುತ್ತೆ. ನಿಮ್ಮ ತಂಗಿ ಕಡೆದು ಹೇಳೋಕಾಗಲ್ಲ.”

“ನೀನೇ ಹೇಳಿದ್ದು ಹೊಡಿ ಅಂತ!”

“ಬಟ್ಟೆ ಸೀಳು ಅಂದೆ. ಮರ ಸಮೇತ ಕಡಿ ಅಂದ್ನಾ?”

ಅಣ್ಣ ನಗಲಿಲ್ಲ. ಆದರೆ ಮುಷ್ಟಿ ಬಿಚ್ಚಿತ್ತು.

ರೆಕ್ಕೆಗೆ ಹೊಸ ಬಟ್ಟೆ ಹೊಲಿಯಲು ಇಬ್ಬರು ಬೇಕು. ರೆಕ್ಕೆಯನ್ನು ಗೋಡೆಯ ಹಾಗೆ ನಿಲ್ಲಿಸಿ, ಈ ಕಡೆ ಒಬ್ಬರು ಉದ್ದದ ಸೂಜಿ ಚುಚ್ಚಬೇಕು, ಆ ಕಡೆಯವರು ಎಳೆದು ವಾಪಸು ಚುಚ್ಚಬೇಕು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಮಳೆಗಾಲ ಕಳೆದು ಬಿಸಿಲು ಬಂದಾಗಲೂ ಇಬ್ಬರೂ ಹೊಲಿಯುತ್ತಲೇ ಇದ್ದರು. ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಅಣ್ಣ ತನ್ನ ವಿಮಾನದ ಅಡಿ ಮಲಗಿ ಏನೋ ಬಿಗಿಯುತ್ತಿದ್ದ, ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ.

“ಈಗ ಕೇಳಬಹುದಾ?” ಬಟ್ಟೆಯ ಆಚೆಯಿಂದ ಬಡಗಿಯ ದನಿ. “ತುಟಿ ವಾಸಿಯಾಗಿದೆ.”

“ಕೇಳು.”

“ನನ್ನ ಮದುವೆ ಆಗ್ತೀಯಾ?”

ಸೂಜಿ ಬಟ್ಟೆ ತೂರಿ ಆಚೆ ಹೋಯಿತು. “ಅಯ್ಯಮ್ಮಾ!” ಎಂದು ಅವನು ಕೂಗಿದ. “ಬೆರಳಿಗೆ ಚುಚ್ಚಿದ್ಯಲ್ಲೇ ರಾಕ್ಷಸಿ! ಇದು ಹೂಂ ಅಂತಾನಾ, ಊಹೂಂ ಅಂತಾನಾ?”

“ಹೂಂ ಕಣೋ. ನೀನು ಮೊದಲನೇ ಕೂಟದಲ್ಲಿ ನನ್ನ ಹಗ್ಗದ ಗಂಟು ತಪ್ಪು ಅಂದ್ಯಲ್ಲ, ಅವತ್ತಿಂದ ಹೂಂ.” ಆಮೇಲೆ ದನಿ ತಗ್ಗಿಸಿ, “ಆದ್ರೆ ಅಣ್ಣನಿಗೆ ಹೇಗೆ ಹೇಳೋದು? ನನ್ನ ಬಿಟ್ರೆ ಅವನಿಗೆ ಯಾರಿದ್ದಾರೆ?”

ಮೂಲೆಯಲ್ಲಿ ಸ್ಪ್ಯಾನರ್ ಸದ್ದು ನಿಂತಿತು.

“ಕೇಳಿಸ್ತು,” ಎಂದಿತು ವಿಮಾನದ ಅಡಿಯ ದನಿ. “ಈ ಸಲ ಕೇಳಿಸ್ಕೊಂಡಿದೀನಿ. ರೆಕ್ಕೆ ಬೇಗ ಮುಗಿಸಿ. ಎರಡು ಸೀಟಿದೆಯಲ್ಲ, ಇಬ್ಬರೂ ಅದರಲ್ಲೇ ಹೋಗಿ.”

ಪುಟ್ಟಿ ಸೂಜಿ ಬಿಟ್ಟು ಎದ್ದು ಬಂದಳು. “ಹೊರಗೆ ಬಾರೋ.”

“ಕೆಲಸ ಇದೆ.”

ಸ್ಪ್ಯಾನರ್ ಮತ್ತೆ ಸದ್ದು ಮಾಡಲಿಲ್ಲ. ಅವನ ಕಾಲುಗಳು ಮಾತ್ರ ಸಣ್ಣಗೆ ಅದುರುತ್ತಿದ್ದವು. ಪುಟ್ಟಿ ಎಣ್ಣೆ ಮೆತ್ತಿದ ನೆಲದ ಮೇಲೆ ಕೂತು, ಅಣ್ಣ ಅತ್ತು ಮುಗಿಸಿ ಹೊರಗೆ ಬರುವವರೆಗೂ ಅವನ ಕಾಲು ಹಿಡಿದುಕೊಂಡೇ ಇದ್ದಳು.