ಗುಂಡುಸೂಜಿ ಕಚ್ಚಿದ ಮಾತು

ಅವನು ಮೊದಲ ಮಾತು ಆಡಿದ ಕೂಡಲೇ ತಾಲೀಮಿನ ಹಾಲ್‌ನಲ್ಲಿದ್ದವರೆಲ್ಲ ನಕ್ಕರು.

"ದೋಣಿ ಇನ್ನೂ ದಡಕ್ಕೆ ಕಟ್ಟಿಲ್ಲ... ಬರೋದಾದ್ರೆ ಈಗಲೇ ಬಾ."

ಹಿಂದಿನ ಬಾಗಿಲ ಬಳಿ ಅವನದೇ ಅಂಗಿ ಹಿಡಿದು ನಿಂತಿದ್ದ ಅವಳು ಮಾತ್ರ ನಗಲಿಲ್ಲ. ಮಾತಿನ ಕೊನೆಯನ್ನು ಎಳೆದು ಮೇಲಕ್ಕೆತ್ತುವ ಆ ಧಾಟಿ ಹೊಳೆಯಾಚೆಯ ಅವಳ ಊರಿನದು.

'ಹಾಗಾದರೆ... ಇದಕ್ಕಾ ಇವನು ನನ್ನ ಕೋಣೆಗೆ ಮತ್ತೆ ಮತ್ತೆ ಬರುತ್ತಿದ್ದದ್ದು?'

ಅಂಗಿಯನ್ನು ಕುರ್ಚಿಯ ಮೇಲೆ ಹಾಕಿ ಹೊರಟುಬಿಟ್ಟಳು.

ಅವಳು ತಂಡದ ಉಡುಪು ಹೊಲಿಯುವವಳು. ಇಪ್ಪತ್ತೇಳಕ್ಕೇ ಎಲ್ಲರ ಬಾಯಲ್ಲಿ ಟೈಲರಮ್ಮ. ಎಂಟು ವರ್ಷದ ಹಿಂದೆ ಪೇಟೆಗೆ ಬಂದ ಹೊಸದರಲ್ಲಿ ಬಟ್ಟೆ ಅಂಗಡಿಯಲ್ಲಿ ಬಾಯಿಬಿಟ್ಟಿದ್ದಕ್ಕೆ ನಾಲ್ಕು ಜನ ನಕ್ಕಿದ್ದರು. ಅಂದಿನಿಂದ ತನ್ನ ಮಾತನ್ನು ಹೆಚ್ಚಾದ ದಾರದಂತೆ ಕತ್ತರಿಸಿಕೊಂಡೇ ಬಂದಿದ್ದಳು.

ಅವನು ಹೊಸ ಸಂಗೀತ ನಾಟಕದ ಅಂಬಿಗ. ಒಳ್ಳೆಯ ಹಾಡುಗಾರ. ಹಾಡುವಾಗ ಅಂಬಿಗ ಯಾವ ಊರವನೆಂದು ಯಾರೂ ಕೇಳುತ್ತಿರಲಿಲ್ಲ. ಹಾಡು ಮುಗಿದು ಮಾತು ಶುರುವಾದರೆ ಬ್ಯಾಂಕ್ ಮ್ಯಾನೇಜರ್ ದೋಣಿ ಹತ್ತಿದ ಹಾಗಿರುತ್ತಿತ್ತು. ಪ್ರತಿ ಹಾಡಿನ ಕೊನೆಗೂ ಪ್ರೇಕ್ಷಕ ದೋಣಿಯಿಂದ ಇಳಿದುಬಿಡುತ್ತಾನೆ, ವಾರದೊಳಗೆ ಹೊಳೆಯಾಚೆಯ ಧಾಟಿ ಹಿಡಿಯದಿದ್ದರೆ ಪಾತ್ರ ಬೇರೆಯವರಿಗೆ ಎಂದು ನಿರ್ದೇಶಕರು ಖಡಾಖಂಡಿತವಾಗಿ ಹೇಳಿದ್ದರು.

ಧಾಟಿ ಅವನಿಗೆ ಸಿಕ್ಕಿದ್ದು ಅವಳ ಹೊಲಿಗೆ ಕೋಣೆಯಲ್ಲಿ. ಒಂದು ದಿನ ತೋಳು ಬಿಗಿ, ಇನ್ನೊಂದು ದಿನ ಕಾಲರ್ ಸಡಿಲ ಎಂದು ಐದು ಸಲ ಬಂದಿದ್ದ. ಅವನ ಹೆಜ್ಜೆ ಸಪ್ಪಳಕ್ಕೆ ಅವಳ ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳತೊಡಗಿತ್ತು.

ಈಗ ಎಲ್ಲದರ ಮೇಲೂ ನೀರು ಸುರಿದಂತಾಯಿತು. ಆರನೆಯ ಸಲ ಬಂದಾಗ ಅವಳು ತುಟಿ ಬಿಚ್ಚಲಿಲ್ಲ. ಅಳತೆ ಬರೆದುಕೊಂಡು ಬಾಗಿಲು ತೋರಿಸಿದಳು.

ಕೊನೆಯ ತಾಲೀಮಿನ ದಿನ ಗುಂಡಿ ಹಚ್ಚಲು ಅವಳ ಅಕ್ಕ ಜೊತೆಗೆ ಬಂದಿದ್ದಳು. ಅಂಬಿಗನ ಮಾತು ಮೂರನೇ ಸಾಲಿಗೂ ಕೇಳುತ್ತಿಲ್ಲ, ಬಾಯಿಗೇನು ಬೀಗ ಹಾಕಿದೆಯಾ ಎಂದು ನಿರ್ದೇಶಕರು ರೇಗಿದರು.

ಅಕ್ಕ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡಳು. "ರಾಗ ನಮ್ಮೂರದ್ದೇ ಕಣೇ. ಆದ್ರೆ ನಮ್ಮಲ್ಲಿ ಯಾರು ಹೀಗೆ ತುಟಿ ಮುಚ್ಕೊಂಡು ಮಾತಾಡ್ತಾರೆ? ನೀನು ಗುಂಡುಸೂಜಿ ಕಚ್ಕೊಂಡು ಮಾತಾಡೋ ಹಾಗಿದೆ."

ಅವಳ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು.

ತುಟಿಯಲ್ಲಿ ಗುಂಡುಸೂಜಿ ಇದ್ದಾಗ ಪೇಟೆಯ ಮಾತಿಗೆ ಅವಳ ನಾಲಿಗೆ ಹೊರಳುತ್ತಿರಲಿಲ್ಲ, ಊರಿನದೇ ಜಾರಿ ಬರುತ್ತಿತ್ತು. ಅಳತೆ ಸರಿಮಾಡುವಾಗ ಅವನು ಕೇಳಿದ್ದು ಆ ಮಾತು. ಅಣಕಿಸುವವನು ನಗು ಬರುವಷ್ಟನ್ನೇ ಎತ್ತಿಕೊಳ್ಳುತ್ತಾನೆ. ಇವನು ಅಣಕಿಸಿರಲಿಲ್ಲ, ಗುಂಡುಸೂಜಿಯನ್ನೂ ಬಿಡದೆ ಕಲಿತಿದ್ದ.

ವಿರಾಮದಲ್ಲಿ ಅವನೆದುರು ಹೋಗಿ ನಿಂತಳು. "ಅದು ನಮ್ಮೂರ ಮಾತಲ್ಲ. ನನ್ನ ಬಾಯಲ್ಲಿ ಗುಂಡುಸೂಜಿ ಇತ್ತು."

ಅವನ ಮುಖ ಕೆಂಪಾಯಿತು. "ನಿಮ್ಮೂರವರೆಲ್ಲ ಹಾಗೇ ಅಂದ್ಕೊಂಡೆ... ಕನ್ನಡಿ ಮುಂದೆ ತುಟಿ ಮುಚ್ಚಿ ಮುಚ್ಚಿ ಕಲಿತೆ."

"ನನ್ನನ್ನೇ ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ ನೀವು ಪೇಟೆ ಮಾತಿಗೆ ತಿರುಗಿಬಿಡ್ತಿದ್ರಿ. ಅವತ್ತು ಅವರೆಲ್ಲ ನಕ್ಕಾಗ ನಾನು ನೋಡಿದ್ದು ನಿಮ್ಮ ಮುಖ. ಅಷ್ಟರಲ್ಲಿ ನೀವು ಹೊರಟುಹೋಗಿದ್ರಿ."

ಅವಳು ದೋಣಿಯ ಆ ಸಾಲನ್ನು ಬಾಯಿ ತುಂಬ ಹೇಳಿದಳು. ಎಂಟು ವರ್ಷದಲ್ಲಿ ಮನೆಯ ಹೊರಗೆ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ಬಣ್ಣ ಹಚ್ಚಿಕೊಳ್ಳುತ್ತಿದ್ದ ಇಬ್ಬರು ತಿರುಗಿ ನೋಡಿದರು. ಅವಳು ನಿಲ್ಲಿಸಲಿಲ್ಲ.

ಪ್ರದರ್ಶನದ ದಿನ ಅಂಬಿಗನ ಮೊದಲ ಮಾತಿಗೆ ಅಲ್ಲಲ್ಲಿ ನಗು ಎದ್ದಿತು. ಮೂರನೆಯ ಮಾತಿಗೆ ಅದು ಅಡಗಿತು. ಎರಡನೇ ಅಂಕದಲ್ಲಿ ಹಾಡು ಎಲ್ಲಿ ಮುಗಿಯಿತು, ಮಾತು ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯಲಿಲ್ಲ. "ದೋಣಿ ಇನ್ನೂ ದಡಕ್ಕೆ ಕಟ್ಟಿಲ್ಲ" ಎಂದಾಗ ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಪರದೆಯ ಪಕ್ಕದಲ್ಲಿ ಅವಳೂ ಆ ಸಾಲನ್ನು ಮೆಲ್ಲಗೆ ಹೇಳಿಕೊಂಡಳು. ತನ್ನ ಮಾತು ಇಷ್ಟು ಚಂದವೆಂದು ಅವಳಿಗೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಅಂಬಿಗನ ಅಂಗಿ ತೊಟ್ಟುಕೊಂಡೇ ಹೊಲಿಗೆ ಕೋಣೆಗೆ ಬಂದ.

"ಈಗ ಎಲ್ಲಿ ಬಿಗಿ?"

"ಎಲ್ಲೂ ಇಲ್ಲ. ಮೊದಲಿಂದಲೂ ಇರ್ಲಿಲ್ಲ."

"ಮತ್ತೆ ಐದು ಸಲ ಹೊಲಿಗೆ ಬಿಚ್ಚಿಸಿದ್ದು?"

"ನಿರ್ದೇಶಕರು ಧಾಟಿ ಬೇಕು ಅಂದಿದ್ದು ಮೂರನೇ ಸಲದ ಮೇಲೆ. ಅದಕ್ಕೆ ಮುಂಚೆ ಬಂದಿದ್ದು ನಿಮಗೋಸ್ಕರ. ಆಮೇಲೆ ಬಂದಿದ್ದೂ..." ಅವನು ಉಸಿರೆಳೆದುಕೊಂಡ. "ಆ ಮಾತು ಜೀವನಪೂರ್ತಿ ಕೇಳ್ಬೇಕು ಅಂತಿದೆ ನನಗೆ. ಆಗುತ್ತಾ?"

ಅವಳಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಡಬ್ಬಿಯಿಂದ ಮೂರು ಗುಂಡುಸೂಜಿ ತೆಗೆದು ತುಟಿಯಲ್ಲಿ ಕಚ್ಚಿಕೊಂಡು, ಸರಿಯಾಗೇ ಇದ್ದ ಅವನ ತೋಳಿನ ಮೇಲೆ ಬಾಗಿದಳು. ಬಾಗಿಕೊಂಡೇ ಏನೋ ಹೇಳಿದಳು. ಪಕ್ಕದಲ್ಲೇ ಗುಂಡಿ ಹಚ್ಚುತ್ತಿದ್ದ ಅಕ್ಕನಿಗೂ ಅದು ಅರ್ಥವಾಗಲಿಲ್ಲ.

ಅವನು ಏನೆಂದು ಕೇಳಲಿಲ್ಲ. ನಗುತ್ತಿದ್ದ ಅವನ ಕಣ್ಣು ತುಂಬಿತ್ತು.

"ಅಲ್ಲಾಡಬೇಡಿ, ಚುಚ್ಚುತ್ತೆ," ಎಂದಳು ಅವಳು, ಕೊನೆಯನ್ನು ಎಳೆದು.