ದುಭಾಷಿಯ ಸ್ವಂತ ಮಾತು

ಕನ್ನಡಕದ ಅಂಗಡಿಯಲ್ಲಿ ದುಭಾಷಿ ನಾಲ್ಕು ಸಲ ಕರೆದ. "ರೀ, ಸ್ವಲ್ಪ ಈ ಕಡೆ ನೋಡ್ತೀರಾ?" ಬೆನ್ನು ಹಾಕಿ ಕೂತು ಗಾಜು ಉಜ್ಜುತ್ತಿದ್ದವನು ತಲೆ ಎತ್ತಲಿಲ್ಲ. ಎಂಥ ಕೊಬ್ಬು ಎಂದುಕೊಂಡು ದುಭಾಷಿ ಕೌಂಟರನ್ನು ಪಟಪಟ ಬಡಿದ. ಮರದ ಅದುರು ಮೊಣಕೈಗೆ ತಾಕಿ ಆತ ತಿರುಗಿದ. ಮುರಿದ ಫ್ರೇಮ್ ನೋಡಿದ, ಗಿರಾಕಿಯ ಸಿಡುಕು ಮುಖ ನೋಡಿದ, ತನ್ನ ಕಿವಿ ಮುಟ್ಟಿ ಇಲ್ಲವೆಂದು ಬೆರಳಾಡಿಸಿದ.

ಹನ್ನೆರಡು ವರ್ಷದಿಂದ ಕಿವುಡರಿಗೆ ದುಭಾಷಿಯಾಗಿದ್ದವನಿಗೆ, ಅದೂ ಕಿವಿ ಕೇಳದ ತಾಯಿಯ ಮಗನಿಗೆ, ಇಷ್ಟೂ ಹೊಳೆದಿರಲಿಲ್ಲ. ನಾಚಿ ನೀರಾಗಿ ಸನ್ನೆಯಲ್ಲೇ ಕ್ಷಮೆ ಕೇಳಿದ.

"ಓ, ಕೈ ಬರುತ್ತಾ?" ಎಂದು ಕನ್ನಡಕದವನು ಹುಬ್ಬೇರಿಸಿ ಸನ್ನೆ ಮಾಡಿದ. "ಮತ್ತೆ ಬಾಯಿ ಯಾಕೆ ನೋಯಿಸ್ಕೊಂಡ್ರಿ?"

ಫ್ರೇಮ್ ಸರಿಮಾಡಿ ತಾನೇ ಅದನ್ನು ದುಭಾಷಿಯ ಮೂಗಿಗೇರಿಸಿದ. ಕಿವಿಯ ಹಿಂದೆ ಕಡ್ಡಿಯನ್ನು ಎರಡು ಬೆರಳಿನಿಂದ ಒತ್ತಿದ. ಒಂದು ಹೆಜ್ಜೆ ಹಿಂದೆ ಸರಿದು ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ದಿಟ್ಟಿಸಿದ.

"ಸೊಟ್ಟ ಇದೆ."

"ಫ್ರೇಮಾ?"

"ಅಲ್ಲ, ಮೂಗು."

ಅಲ್ಲಿಂದಾಚೆ ಆ ಫ್ರೇಮ್ ತಿಂಗಳಿಗೆ ಎರಡು ಸಲ ಸಡಿಲವಾಗತೊಡಗಿತು. ಸನ್ನೆಯಲ್ಲಿ ನೀವು, ನೀನು ಎರಡಕ್ಕೂ ಒಂದೇ ಬೆರಳು. ಯಾವ ದಿನ ಒಂದರಿಂದ ಇನ್ನೊಂದಕ್ಕೆ ದಾಟಿದರೋ ಇಬ್ಬರಿಗೂ ಗೊತ್ತಾಗಲಿಲ್ಲ.

ಹದಿನಾಲ್ಕು ತಿಂಗಳು ಹೀಗೇ ಗುಟ್ಟಾಗಿ ನಡೆಯಿತು. ದುಭಾಷಿ ಇದ್ದದ್ದು ಅಕ್ಕ-ಭಾವನ ಮನೆಯಲ್ಲಿ. ಅಮ್ಮ ಹೋದ ಮೇಲೆ ಸಾಕಿ ಬೆಳೆಸಿದವಳು ಅಕ್ಕ. ಭಾವ ಚರ್ಚಿನ ಹಿರಿಯರಲ್ಲಿ ಒಬ್ಬ. ಭಾನುವಾರ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುವವನು. ಅದೇ ಚರ್ಚಿನಲ್ಲಿ ದುಭಾಷಿ ಪಾಸ್ಟರ ಪಕ್ಕ ನಿಂತು, ಮುಂದಿನ ಸಾಲಿನ ನಾಲ್ಕು ಮಂದಿ ಕಿವುಡರಿಗೆ ಬೋಧನೆಯನ್ನು ಸನ್ನೆಯಲ್ಲಿ ಹೇಳುತ್ತಿದ್ದ. ನಾಲ್ಕನೆಯವನಾಗಿ ಆಮೇಲೆ ಬಂದು ಸೇರಿದವನು ಕನ್ನಡಕದವನು. ಅವನು ಅಲ್ಲಿ ಬಂದು ಕೂರುತ್ತಿದ್ದದ್ದು ದೇವರಿಗಾಗಿಯೋ ದುಭಾಷಿಗಾಗಿಯೋ ಎಂದು ಕೇಳಿದರೆ, "ಇಬ್ಬರೂ ಒಂದೇ ದಿಕ್ಕಲ್ಲಿ ಇದ್ದೀರಲ್ಲ," ಎನ್ನುತ್ತಿದ್ದ.

ಆ ವರ್ಷ ಸಭೆಯ ಇಬ್ಬರು ಹೆಂಗಸರು ತಮ್ಮಿಬ್ಬರ ನಡುವಿನ ಮದುವೆಯನ್ನು ಚರ್ಚಿನಲ್ಲಿ ಆಶೀರ್ವದಿಸಬೇಕೆಂದು ಅರ್ಜಿ ಕೊಟ್ಟರು. ಮೂರು ಶನಿವಾರ ಮಧ್ಯಾಹ್ನ ಚರ್ಚೆ ಮಾಡಿ, ಆಮೇಲೆ ಮತ ಹಾಕುವುದೆಂದಾಯಿತು. ಪಾಸ್ಟರ್ ಒಂದು ಕಡೆ, ಪಾಸ್ಟರುಗಳನ್ನು ತಯಾರು ಮಾಡುವ ಸೆಮಿನರಿಯಲ್ಲಿ ಪಾಠ ಹೇಳುವ ಮೇಡಂ ಇನ್ನೊಂದು ಕಡೆ.

ದುಭಾಷಿಯ ಕೆಲಸಕ್ಕೆ ಒಂದು ನಿಯಮವಿದೆ. ಹೇಳಿದ್ದನ್ನೆಲ್ಲ ಹೇಳಬೇಕು, ಏನನ್ನೂ ಸೇರಿಸಬಾರದು. ಮಾತಾಡುವವರು 'ನಾನು' ಎಂದರೆ ಅವನೂ 'ನಾನು' ಎನ್ನಬೇಕು. ಆ 'ನಾನು' ಅವನಲ್ಲ.

ಮೊದಲ ಶನಿವಾರ ಪಾಸ್ಟರ್ ಬೈಬಲಿನ ಯಾಜಕಕಾಂಡ ತೆರೆದರು. ಗಂಡಸು ಗಂಡಸಿನೊಡನೆ ಮಲಗುವುದು ಅಸಹ್ಯವೆಂದು ಅಲ್ಲಿದೆ, ಅದಕ್ಕೆ ಮರಣವೇ ಶಿಕ್ಷೆಯೆಂದು ಅಲ್ಲಿದೆ. ದುಭಾಷಿ 'ಅಸಹ್ಯ' ಎಂದು ಕೈಯಾಡಿಸಿದ. 'ಮರಣ' ಎಂದು ಕೈಯಾಡಿಸಿದ. ಎದುರಿಗೆ ನಾಲ್ಕು ಅಡಿ ದೂರದಲ್ಲಿ ಕನ್ನಡಕದವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ದುಭಾಷಿಗೆ ಏನೂ ಅನ್ನಿಸಲಿಲ್ಲ. ಅವನ ಶರ್ಟಿನ ಮೇಲಿನ ಗುಂಡಿ ಬಿಚ್ಚಿದೆ ಎಂದಷ್ಟೇ ಕಂಡಿತು.

ಎರಡನೆಯ ಶನಿವಾರ ಮೇಡಂ ಎದ್ದರು. "ಎರಡು ಥರದ ನೂಲು ಸೇರಿಸಿದ ಬಟ್ಟೆ ಹಾಕಬಾರದು ಅಂತ ಅದೇ ಕಾಂಡದಲ್ಲಿದೆ. ಪಾಸ್ಟರ್ ಹಾಕ್ಕೊಂಡಿರೋ ಕೋಟು ಎಂಥದ್ದು?"

ಸಭೆ ನಕ್ಕಿತು. ಪಾಸ್ಟರೂ ನಕ್ಕರು. "ಬಟ್ಟೆ, ಊಟದ ನಿಯಮ ಆ ಜನಕ್ಕೆ, ಆ ಕಾಲಕ್ಕೆ ಕೊಟ್ಟಿದ್ದು. ನಡತೆಯ ನಿಯಮ ಎಲ್ಲಾ ಕಾಲಕ್ಕೂ."

"ಇದು ಆ ಕಾಲದ್ದು, ಇದು ಎಲ್ಲಾ ಕಾಲದ್ದು ಅನ್ನೋ ಗೆರೆ ಪುಸ್ತಕದಲ್ಲಿ ಎಲ್ಲಿದೆ? ಅದನ್ನ ಎಳೆದವರು ನಾವು."

"ಹೊಸ ಒಡಂಬಡಿಕೆಯಲ್ಲಿ, ಪೌಲನ ಪತ್ರದಲ್ಲೂ ಇದೇ ಮಾತು ಬರುತ್ತಲ್ಲ, ಮೇಡಂ?"

"ಪೌಲ ಯಾರನ್ನ ನೋಡಿ ಬರೆದ? ಒಬ್ಬರನ್ನೊಬ್ಬರು ನಂಬಿ ಇಪ್ಪತ್ತು ವರ್ಷ ಬಾಳಿದ ಇಬ್ಬರನ್ನ ನೋಡಿಯಾ?"

ಪಾಸ್ಟರ್ ತೆರೆದ ಪುಸ್ತಕದ ಮೇಲೆ ಕೈಯಿಟ್ಟರು. "ಬೇರೆ ಥರ ಓದೋಕೆ ಆಗಿದ್ದರೆ ಓದ್ತಿದ್ದೆ," ಎಂದರು ಮೆತ್ತಗೆ. "ರಾತ್ರಿಯೆಲ್ಲ ಪ್ರಯತ್ನ ಪಟ್ಟಿದೀನಿ. ನನ್ನಿಂದ ಆಗ್ತಿಲ್ಲ."

ದುಭಾಷಿ ತನ್ನ ಎದೆ ಮುಟ್ಟಿ, "ನನ್ನಿಂದ ಆಗ್ತಿಲ್ಲ," ಎಂದ. ಮನೆಗೆ ಹೋಗಿ ಊಟ ಮಾಡಿದ. ಭಾವ ಏನೋ ಹೇಳಿದ, ಹೂಂಗುಟ್ಟಿದ. ಒಳಗೆಲ್ಲೋ ಯಾರೋ ಹತ್ತಿ ತುರುಕಿದ ಹಾಗಿತ್ತು.

ಮೂರನೆಯ ಶನಿವಾರ ಸಭಿಕರ ಸರದಿ. ಅವರಿವರು ಎದ್ದು ಮಾತಾಡಿದರು. ಅಂಥವರು, ಅಂಥ ಜನ ಎಂಬ ಮಾತು ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಕೊನೆಗೆ ಕನ್ನಡಕದವನು ಕೈ ಎತ್ತಿದ. ಎದ್ದು ಜನರ ಕಡೆ ತಿರುಗಿದ. ಪಕ್ಕಕ್ಕೆ ಬಂದು ಅವನ ಕೈಗಳನ್ನು ನೋಡುತ್ತ ದುಭಾಷಿ ಮೈಕಿನಲ್ಲಿ ಹೇಳುತ್ತ ಹೋದ.

"ನಮ್ಮ ಅಜ್ಜಿಗೂ ಕಿವಿ ಕೇಳಿಸ್ತಿರಲಿಲ್ಲ. ನಂಬಿಕೆ ಕೇಳುವುದರಿಂದ ಬರುತ್ತೆ ಅಂತ ಬರೆದಿದೆ, ಕೇಳಿಸದವಳಿಗೆ ನಂಬಿಕೆ ಎಲ್ಲಿಂದ ಬರಬೇಕು ಅಂತ ಅವಳನ್ನ ಚರ್ಚಿನ ಬಾಗಿಲಿಂದ ವಾಪಸ್ ಕಳಿಸಿದ್ರು. ಆಮೇಲೆ ಯಾರೋ ಆ ವಾಕ್ಯಾನ ಇನ್ನೊಂದು ಸಲ ಓದಿದ್ರು. ಅದಕ್ಕೇ ಇವತ್ತು ನನಗೆ ಈ ಮುಂದಿನ ಸಾಲು ಸಿಕ್ಕಿದೆ."

ಎರಡನೆಯ ಸಾಲಿನಲ್ಲಿ ಅಕ್ಕ ತಲೆ ತಗ್ಗಿಸಿದಳು.

"ಅಂಥವರು ಅಂತ ಮೂರು ವಾರದಿಂದ ಹೇಳ್ತಿದೀರಿ. ಅಂಥವನು ನಾನು. ನಾನೊಬ್ಬ ಗಂಡಸನ್ನ ಪ್ರೀತಿಸ್ತೀನಿ. ಅವನಿಗೆ ಮುಂಜಾನೆ ಮಾತಾಡಿಸಿದ್ರೆ ಆಗಲ್ಲ. ನಗು ಬಂದ್ರೆ ಮೊದಲು ಮೂಗು ಸುಕ್ಕಾಗುತ್ತೆ. ಇದರಲ್ಲಿ ಅಸಹ್ಯ ಯಾವುದು ಅಂತ ನನಗೆ ಗೊತ್ತಾಗ್ತಿಲ್ಲ."

ದುಭಾಷಿ ಅದನ್ನೆಲ್ಲ ನಿಯಮದಂತೆ ಒಂದಕ್ಷರ ಬಿಡದೆ ಹೇಳಿದ.

ಭಾವ ಎದ್ದು ನಿಂತ. "ಆ ಗಂಡಸು ಈ ಸಭೆಯವನಾ? ಹೆಸರು ಹೇಳಲಿ."

ದುಭಾಷಿ ಪ್ರಶ್ನೆಯನ್ನು ಸನ್ನೆಗೆ ತಿರುಗಿಸಿದ. ಪ್ರಶ್ನೆ ತಿಳಿದ ಮೇಲೆ ಕನ್ನಡಕದವನು ಮತ್ತೆ ಅವನ ಕಡೆ ನೋಡಲೇ ಇಲ್ಲ. ಭಾವನನ್ನೇ ನೋಡುತ್ತ ಕೈಯಾಡಿಸಿದ.

"ಅದನ್ನ ನಾನು ಹೇಳಲ್ಲ," ಎಂದು ದುಭಾಷಿ ಮೈಕಿನಲ್ಲಿ ಹೇಳಿದ. ಒಂದು ಉಸಿರು ಎಳೆದುಕೊಂಡ. "ಅವರ ಮಾತು ಮುಗೀತು. ಇದು ನನ್ನ ಮಾತು. ಆ ಗಂಡಸು ನಾನು."

ಬಾಯಲ್ಲಿ ಹೇಳುವಾಗಲೇ ಕೈಯಲ್ಲೂ ಹೇಳಿದ, ಕನ್ನಡಕದವನಿಗೆ ತಿಳಿಯಲಿ ಎಂದು.

ಯಾರೂ ಕೂಗಾಡಲಿಲ್ಲ. ಯಾರೋ ಕೆಮ್ಮಿದರು. ಪಾಸ್ಟರ್ ಪುಸ್ತಕ ಮುಚ್ಚಿ, "ಇವತ್ತಿಗೆ ಸಾಕು," ಎಂದರು. ಕನ್ನಡಕದವನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಸೊಂಟದ ಹತ್ತಿರ, ಬೇರೆಯವರಿಗೆ ಕಾಣದಂತೆ, ಒಂದೇ ಸನ್ನೆ ಮಾಡಿದ: "ಹುಚ್ಚ."

ಮುಂದಿನ ವಾರ ಮತ ಎಣಿಸಿದರು. ಆಶೀರ್ವಾದ ಬೇಡವೆಂದವರು ಅರವತ್ತೊಂದು, ಬೇಕೆಂದವರು ನಲವತ್ತೆಂಟು. ದುಭಾಷಿಯ ಸೇವೆ ಇನ್ನು ಬೇಡವೆಂದು ಪತ್ರ ಬಂತು. ಭಾವ ಗೋಡೆ ನೋಡಿಕೊಂಡು, "ನೀನು ಬೇರೆ ಮನೆ ನೋಡ್ಕೋ," ಎಂದ.

ಅಕ್ಕ ಅವನ ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬಿದಳು.

"ನನಗೆ ಮೊದಲನೇ ಶನಿವಾರವೇ ಗೊತ್ತಾಯ್ತು ಕಣೋ," ಎಂದಳು ಕೊನೆಗೆ.

"ಹೇಗೆ?"

"ಪಾಸ್ಟರ್ ಕೆಟ್ಟ ಮಾತು ಓದಿದಾಗೆಲ್ಲ ನಿನ್ನ ಕೈಸನ್ನೆ ಸಣ್ಣ ಆಗ್ತಿತ್ತು. ಪಿಸುಗುಟ್ಟಿದ ಹಾಗೆ. ಅಮ್ಮನಿಗೆ ಕೆಟ್ಟ ಸುದ್ದಿ ಹೇಳೋವಾಗ ನಾನು ಹಾಗೇ ಮಾಡ್ತಿದ್ದೆ."

ಅವನಿಗೆ ಅದು ತಿಳಿದೇ ಇರಲಿಲ್ಲ. ತಾನು ಬರೀ ಕೊಳವೆ, ಮಾತು ಈ ಕಡೆಯಿಂದ ಆ ಕಡೆಗೆ ಹರಿದುಹೋಗುತ್ತದೆ ಎಂದುಕೊಂಡಿದ್ದ.

"ಒಪ್ತೀಯಾ, ಅಕ್ಕಾ?"

"ಆ ಪುಸ್ತಕದಲ್ಲಿ ಏನಿದೆಯೋ ನನಗೆ ಇನ್ನೂ ಅರ್ಥ ಆಗಿಲ್ಲ." ಪೆಟ್ಟಿಗೆಯ ಜಿಪ್ ಎಳೆದಳು. "ಬುಧವಾರ ಭಾವ ಮನೇಲಿರಲ್ಲ. ಊಟಕ್ಕೆ ಬಾ. ನೀನೊಬ್ಬನೇ ಬಾ, ಸದ್ಯಕ್ಕೆ."

ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಕನ್ನಡಕದವನು ಮಂಚದ ಕೆಳಗೆ ಪೆಟ್ಟಿಗೆಗೆ ಜಾಗ ಮಾಡಿಟ್ಟಿದ್ದ. ಸಂಜೆಯ ಬೆಳಕು ಕಿಟಕಿಯಲ್ಲಿ ಇನ್ನೂ ಇತ್ತು.

"ಹೇಗಿದೀಯ?"

"ಏನೂ ಅನ್ನಿಸ್ತಿಲ್ಲ," ಎಂದು ದುಭಾಷಿ ಕೈಯಾಡಿಸಿದ. "ಕೆಲಸ ಹೋಯ್ತು, ಮನೆ ಹೋಯ್ತು. ಅಳು ಬರಬೇಕು. ಬರ್ತಿಲ್ಲ. ನಿನ್ನ ನೋಡಿ ಖುಷಿನಾದ್ರೂ ಆಗಬೇಕು. ಅದೂ..."

"ಅವಸರ ಏನಿದೆ? ಆಗೋವರೆಗೆ ಕೂತಿರೋಣ."

ಮಂಚದ ಅಂಚಿನಲ್ಲಿ ಪಕ್ಕಪಕ್ಕ ಕೂತರು. ಕನ್ನಡಕದವನು ಅವನ ಎರಡೂ ಕೈಗಳನ್ನು ತನ್ನ ಕೈಗಳೊಳಗೆ ಹಿಡಿದುಕೊಂಡ. ಹಾಗೆ ಹಿಡಿದರೆ ಇಬ್ಬರಿಗೂ ಮಾತಾಡಲಾಗುವುದಿಲ್ಲ. ಕೆಳಗೆ ಬಸ್ಸೊಂದು ನಿಂತು ಹೊರಟಿತು. ಗಾಜಿನ ಪುಡಿಗೆ ಒರಟಾದ ಆ ಬೆರಳುಗಳು ಬಿಗಿಯೂ ಮಾಡದೆ, ಸಡಿಲವೂ ಬಿಡದೆ ಹಿಡಿದೇ ಇದ್ದವು. ಕಿಟಕಿಯ ಬೆಳಕು ನೆಲಕ್ಕಿಳಿದು ಬಾಗಿಲ ತನಕ ಸರಿಯುವ ಹೊತ್ತಿಗೆ ಆ ಬಿಸಿಯಲ್ಲಿ ದುಭಾಷಿಗೆ ತನ್ನ ಕೈ ಎಷ್ಟು ತಣ್ಣಗಿತ್ತೆಂದು ಗೊತ್ತಾಯಿತು.