ಯಾರಿಗೂ ಬೇಡವಾಗಿದ್ದ ಹನ್ನೊಂದನೇ ಕಂತು

"ಆ ಹನ್ನೊಂದನೇ ಕಂತ್ನ ಕಿತ್ತು ಬಿಸಾಕ್ಬೇಕು ಕಣ್ಲಾ. ಅದ್ರಂತ ದಂಡದ್ದು ಇನ್ನೊಂದಿಲ್ಲ."

ಟೀ ಲೋಟವನ್ನು ತುಟಿಗಿಟ್ಟಿದ್ದ ಸಂಗೀತ ತಟ್ಟನೆ ತಿರುಗಿ ನೋಡಿದಳು.

ದಿಂಬಂ ತಿರುವಿನಲ್ಲಿ ಲಾರಿಯೊಂದು ಅಡ್ಡಡ್ಡ ಸಿಕ್ಕಿಕೊಂಡು, ಹಿಂದೆ ಮುಂದೆ ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು. ಸತ್ಯಮಂಗಲದಿಂದ ತಾಳವಾಡಿಗೆ ಹೊರಟಿದ್ದ ಸಂಗೀತ ಬೇಸರಕ್ಕೆ ಬಸ್ಸಿಳಿದು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಮಾತಾಡಿದವನು ಪಕ್ಕದಲ್ಲೇ ಇದ್ದ. ಕೋಸು ಇಳಿಸಿ ಬಂದ ಖಾಲಿ ಪಿಕಪ್ ಗಾಡಿಗೆ ಒರಗಿ, ಫೋನಿನಲ್ಲಿ ಯಾರೊಂದಿಗೋ ಹರಟುತ್ತಿದ್ದ.

ಹನ್ನೊಂದನೇ ಕಂತು ಅಂದರೆ... 'ಶನಿಯಾಚೆ'ಯದ್ದೇ ಇರಬೇಕು.

'ಶನಿಯಾಚೆ' ಕನ್ನಡಕ್ಕೂ ತಮಿಳಿಗೂ ಡಬ್ ಆಗಿ ಬಂದಿದ್ದ ಬಾಹ್ಯಾಕಾಶದ ಧಾರಾವಾಹಿ. ಬೆಟ್ಟದ ಸೀಮೆಯ ಹುಡುಗ ಹುಡುಗಿಯರಿಗೆಲ್ಲ ಅದರ ಹುಚ್ಚು. ಕಂತಿಗೊಂದು ಯುದ್ಧ, ಯುದ್ಧಕ್ಕೊಂದು ನೌಕೆ. ಆದರೆ ಹನ್ನೊಂದನೇ ಕಂತಿನಲ್ಲಿ ಮಾತ್ರ ಒಂದು ಗುಂಡೂ ಹಾರುವುದಿಲ್ಲ. ನೌಕೆಯೊಂದು ಗ್ರಹದ ಹಿಂದೆ ಮರೆಯಾಗುತ್ತದೆ. ಅದರಲ್ಲಿ ಹೋದ ಗಂಡನ ದನಿಗಾಗಿ ನೀಲಾ ಎಂಬ ಹೆಂಗಸು ಠಾಣೆಯ ರೇಡಿಯೋ ಮುಂದೆ ಕಾಯುತ್ತಾಳೆ. ಠಾಣೆಯವರು ಒಬ್ಬೊಬ್ಬರಾಗಿ ಬಂದು ಅವಳ ಪಕ್ಕ ಕೂರುತ್ತಾರೆ. ಅಷ್ಟೇ ಕಥೆ. ಅಭಿಮಾನಿಗಳು ಅದಕ್ಕೆ 'ನಿದ್ದೆ ಕಂತು' ಎಂದು ಹೆಸರಿಟ್ಟಿದ್ದರು.

ಸಂಗೀತಳಿಗೆ ಆ ಕಂತೆಂದರೆ ಪ್ರಾಣ.

ಅವನು ಫೋನ್ ಇಡುವವರೆಗೆ ಕಾದು ಕೇಳಿಯೇಬಿಟ್ಟಳು. "ಆ ಕಂತ್ನ ಪೂರಾ ನೋಡಿದ್ದೀರಾ?"

ಅವನು ತಬ್ಬಿಬ್ಬಾದ. "ಅರ್ಧ ನೋಡ್ದೆ ಮೇಡಂ. ನಿದ್ದ ಬಂದ್ಬುಡ್ತು."

"ಅರ್ಧ ನೋಡ್ಬುಟ್ಟು ದಂಡದ್ದು ಅಂತ ಏಳ್ಬುಡೋದಾ? ಉಳಿದರ್ಧ ನೋಡಿ. ಆಮೇಲ ಬೈರಿ."

ಅವನ ಮುಖದಲ್ಲಿ ಸಿಟ್ಟು ಬರಬೇಕಿತ್ತು. ನಗು ಬಂತು. "ನೋಡ್ತೀನಿ. ಬೈಯಕ್ಕ ನೀವು ಎಲ್ಲಿ ಸಿಗ್ತೀರಿ?"

ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. "ಶನಿಯಾಚೆ ವಾಟ್ಸಾಪ್ ಗುಂಪಲ್ಲಿ ಇವ್ನಿ. ಸಂಗೀತ ಅಂತ," ಎಂದು ಹೇಳಿ ಓಡಿದಳು.

ಬಸ್ಸು ಹೊರಟ ಮೇಲೆ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ ಎಂದು ಅವಳಿಗೇ ಅರ್ಥವಾಗಲಿಲ್ಲ. ಓಡಿದ್ದಕ್ಕೇ ಇರಬೇಕು ಅಂದುಕೊಂಡಳು.

ಅವನ ಹೆಸರು ಶಿವಮಲ್ಲು. ಪಣಕಹಳ್ಳಿಯ ರೈತರ ತರಕಾರಿಯನ್ನು ಸಂತೆಗೆ ಸಾಗಿಸುವವನು. ಮಾರನೇ ದಿನವೇ ಅವನ ಸಂದೇಶ ಬಂತು. "ಪೂರಾ ನೋಡ್ದೆ. ಗಂಡ ಬಂದ್ನಾ ಇಲ್ವಾ ಅಂತ ತೋರ್ಸೋದೇ ಇಲ್ವಲ್ಲ. ನಿಮ್ಗ ಯಾಕ ಅದು ಅಷ್ಟು ಇಷ್ಟ?"

ಬರೆದರೆ ಮುಗಿಯದು ಅನ್ನಿಸಿ ಅವಳು ದನಿಯಲ್ಲೇ ಹೇಳಿ ಕಳಿಸಿದಳು.

ಹಿಂದೊಂದು ಚಳಿಗಾಲದಲ್ಲಿ ಅವಳ ಅಪ್ಪ ಚಿಕ್ಕಯ್ಯ ಕೂಲಿಗೆ ಹೋದ ಹೊಲದಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದರು. ಅಣ್ಣ ಅವರನ್ನು ಆಂಬುಲೆನ್ಸಿನಲ್ಲಿ ಘಾಟಿ ಇಳಿಸಿ ಸತ್ಯಮಂಗಲಕ್ಕೆ ಕರೆದೊಯ್ದ. ಆ ದಿನ ಊರಿನ ಟವರ್ ಕೆಟ್ಟಿತ್ತು. ಯಾರ ಫೋನಿಗೂ ಸಿಗ್ನಲ್ ಇಲ್ಲ. ಅವ್ವ ಪುಟ್ಟಿಯೂ ಸಂಗೀತಳೂ ಜಗಲಿಯ ಮೇಲೆ ಕೂತುಬಿಟ್ಟರು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು. ಯಾರೂ ಸಮಾಧಾನ ಹೇಳಲಿಲ್ಲ. ಒಬ್ಬಾಕೆ ಅವರೆಕಾಯಿ ತಂದು ಸುಲಿಯತೊಡಗಿದಳು. ಎಲ್ಲರೂ ಕೈಹಾಕಿದರು...

ಹೇಳುತ್ತಾ ಹೇಳುತ್ತಾ ಅವಳ ದನಿ ಒಡೆದಿತ್ತು. ಹಾಗೆಯೇ ಕಳಿಸಿದ್ದಳು.

ಆ ರಾತ್ರಿ ಶಿವಮಲ್ಲು ಉತ್ತರವನ್ನೇ ಕಳಿಸಲಿಲ್ಲ. ಬೆಳಿಗ್ಗೆ ಶಾಲೆಗೆ ಹೊರಟಾಗ ಗುಂಪು ತೆರೆದು ನೋಡಿದರೆ... ಅವಳ ದನಿ ಅಲ್ಲಿತ್ತು! ಹಾಕಿದವನು ಶಿವಮಲ್ಲು. ಅದರ ಕೆಳಗೆ ಮಣಿಕಂಠ ಎಂಬವನ ಗೇಲಿ. 'ಒಲದಲ್ಲಿ ರಾಕೆಟ್ ಬಿತ್ತುವ ಟೀಚರಮ್ಮ.' ಅವನ ಹಿಂದೆ ನಗುವ ಮುಖಗಳ ಸಾಲು.

ಸಂಗೀತ ತಾಳವಾಡಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ತರಗತಿಯಲ್ಲಿ 'ಒಲ' ಎನ್ನದೆ 'ಹೊಲ', 'ಅಳ್ಳಿ' ಎನ್ನದೆ 'ಹಳ್ಳಿ' ಎಂದು ತೂಗಿ ತೂಗಿ ಆಡುವವಳು, ಮೊದಲ ಸಲ ಒಬ್ಬನ ಮುಂದೆ ತನ್ನ ಮನೆಯ ಮಾತಿನಲ್ಲೇ ಮನಸ್ಸು ಬಿಚ್ಚಿದ್ದಳು. ಅದನ್ನೇ ನಗೆಗೆ ಎಸೆದನಲ್ಲ...

ಗುಂಪಿನಿಂದ ಹೊರಬಂದಳು. ಅವನನ್ನು ಬ್ಲಾಕ್ ಮಾಡಿದಳು.

ಅವನು ಹುಡುಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಅವಳು ಮುಖ ನೋಡದೆ ಹೇಳಿದಳು.

"ನಮ್ಮಪ್ಪನ ಪ್ರಾಣದ ಸುದ್ದಿಯ ಜನ ನಗಾಡ್ಲಿ ಅಂತ ಏಳ್ಲಿಲ್ಲ ನಿಮ್ಗ."

"ಕೇಳ್ದೇ ಹಾಕ್ಬುಟ್ಟೆ. ತಪ್ಪು ನಂದೇ. ಆದ್ರ ನಗಕ್ಕ ಅಂತ..."

"ಸಾಕು."

ಬಸ್ಸು ಬಂತು. ಅವಳು ಹತ್ತಿ ಹೊರಟುಹೋದಳು. ಕಿಟಕಿಯಾಚೆ ಅವನು ನಿಂತೇ ಇದ್ದ. ತಿರುಗಿ ನೋಡಬಾರದು ಎಂದುಕೊಂಡಷ್ಟೂ ಕಣ್ಣು ತುಂಬಿ ಬಂತು.

ದಿನಗಳು ಉರುಳಿದವು. ಗುಂಪಿನವರು ಹಾಸನೂರಿನಲ್ಲಿ ಒಂದು ಭಾನುವಾರ ಸೇರುವುದೆಂದು ಗೊತ್ತಾಯಿತು. ಕೈ ಎತ್ತಿಸಿ, ಹೆಚ್ಚು ಜನ ಬೇಕೆಂದ ಕಂತನ್ನು ದೊಡ್ಡ ಪರದೆಯಲ್ಲಿ ಹಾಕುವುದು ಅಂತ ಮಾತಾಗಿತ್ತು. ಈ ಸುದ್ದಿ ತಂದವಳು ಗೆಳತಿ ಶಿಲ್ಪ. ಅವಳೂ ಅದೇ ಗುಂಪಿನಲ್ಲಿದ್ದಳು.

"ಶಿವಮಲ್ಲು ನಿನ್ ಕಂತಿನ ಪರವಾಗಿ ಮಾತಾಡ್ತಾನಂತ ಕಣೇ."

"ನಗಾಡ್ಸಕ್ಕಾ?"

ಶಿಲ್ಪ ತನ್ನ ಫೋನನ್ನೇ ಮುಂದೆ ಹಿಡಿದಳು. "ನೀನು ಗುಂಪ್ನ ಬುಟ್ಮೇಲ ಏನಾಯ್ತು ಅಂತ ಓದು ಮೊದ್ಲು."

ಅವಳ ದನಿ ಇದ್ದ ಜಾಗದ ಕೆಳಗೆ ಶಿವಮಲ್ಲು ಬರೆದಿದ್ದ. 'ಈ ಕಂತ್ನ ನಾನೂ ಬೈದಿದ್ದೆ. ಇದ್ನ ಕೇಳಿದ್ಮೇಲ ಬಾಯಿ ಕಟ್ಟೋಯ್ತು. ದಯವಿಟ್ಟು ಎಲ್ರೂ ಕೇಳಿ.' ಗೇಲಿಯ ಗದ್ದಲದಲ್ಲಿ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಅವಳು ಹೊರಬಂದ ಕೂಡಲೇ ಆ ದನಿಯನ್ನು ತಾನೇ ಅಳಿಸಿಹಾಕಿ, ಯಾರೂ ಅದನ್ನು ಹಂಚದಂತೆ ನೋಡಿಕೊಳ್ಳಿ ಎಂದು ಗುಂಪು ನಡೆಸುವ ಸೋಮಶೇಖರ್‌ಗೆ ಗೋಗರೆದಿದ್ದ. ಆಮೇಲೆ ಮಣಿಕಂಠ ಒಂದಂದರೆ ಇವನು ಹತ್ತು ಅಂದಿದ್ದ. ಅದೂ ಒಂದಕ್ಷರ ತಿದ್ದದೆ, ಬೆಟ್ಟದ ಮಾತಿನಲ್ಲೇ.

ಸಂಗೀತ ಅದನ್ನು ಮೊದಲಿನಿಂದ ಇನ್ನೊಮ್ಮೆ ಓದಿದಳು. 'ಸಾಕು ಅಂದುಬಿಟ್ಟೆನಲ್ಲ... ಒಂದು ಮಾತು ಪೂರ್ತಿ ಆಡಲು ಬಿಡಲಿಲ್ಲವಲ್ಲ.'

ಭಾನುವಾರ ಬೆಳಿಗ್ಗೆ ಹೊರಟು ನಿಂತವಳಿಗೆ ಅಪ್ಪನ ದನಿ ಕೇಳಿಸಿತು. "ಎಲ್ಲಿಗ ಕೂಸ?"

ಇದ್ದದ್ದನ್ನು ಇದ್ದಂತೆ ಹೇಳಿದಳು. ಚಿಕ್ಕಯ್ಯ ಟವಲು ಹೆಗಲಿಗೇರಿಸಿದರು. "ಆ ಕತಲಿ ನಾನೂ ಇವ್ನಲ್ಲ. ನಡಿ, ಬತ್ತೀನಿ."

ಹಾಸನೂರಿನ ಮದುವೆ ಹಾಲ್ ತುಂಬಿಹೋಗಿತ್ತು. ಚಾಮರಾಜನಗರ, ಕೊಳ್ಳೇಗಾಲ, ಸತ್ಯಮಂಗಲ... ಎಲ್ಲೆಲ್ಲಿಂದಲೋ ಬಂದಿದ್ದರು. ಇವರು ಒಳಗೆ ಬರುವಾಗ ವೇದಿಕೆಯ ಮೇಲೆ ಶಿವಮಲ್ಲು ತಡವರಿಸುತ್ತಿದ್ದ. ಮಹಾಯುದ್ಧದ ಕಂತಿನ ಪರವಾಗಿ ಮಣಿಕಂಠ ಆಗಲೇ ಚಪ್ಪಾಳೆ ಗಿಟ್ಟಿಸಿ ಮುಂದಿನ ಸಾಲಿನಲ್ಲಿ ಕೂತಿದ್ದ.

"ನಂಗ ಸರಿಯಾಗಿ ಏಳಕ್ಕ ಬರಲ್ಲ," ಎನ್ನುತ್ತಿದ್ದ ಶಿವಮಲ್ಲು. "ಇದ್ನ ಏಳೋರು ಬೇರೆ ಇದ್ರು. ಅವ್ರ ಮನಸ್ನ ನಾನೇ ನೋಯಿಸ್ಬುಟ್ಟೆ."

"ಅಂಗಾರ ಇಳೀಪ್ಪಾ," ಎಂದು ಯಾರೋ ಕೂಗಿದರು. ನಗು ಎದ್ದಿತು.

ಸಂಗೀತ ಅಪ್ಪನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದಳು. ನೇರ ಮುಂದಕ್ಕೆ ನಡೆದಳು. ವೇದಿಕೆ ಹತ್ತಿ ಅವನ ಕೈಯಿಂದ ಮೈಕ್ ತೆಗೆದುಕೊಂಡಳು. ಅವನ ಬೆರಳುಗಳು ತಣ್ಣಗಿದ್ದವು.

"ನಾನು ಸಂಗೀತ. ಒಲದಲ್ಲಿ ರಾಕೆಟ್ ಬಿತ್ತೋ ಟೀಚರು ನಾನೇ."

ಅವಳು ಒಂದು ಪದವನ್ನೂ ತೂಗಲಿಲ್ಲ. ಮನೆಯ ಜಗಲಿಯ ಮೇಲೆ ಆಡುವಂತೆಯೇ ಆಡಿದಳು.

"ಯುದ್ಧ ಮಾಡೋರ್ಗ ಮಾಡಕ್ಕ ಕೆಲಸ ಅದ. ಮನೆಲಿ ಕುಂತೋರ್ಗ ಏನದ? ಅಪ್ಪ ಘಾಟಿ ಇಳ್ದು ಓದ್ರು. ಫೋನಿಲ್ಲ, ಸುದ್ದಿಯಿಲ್ಲ. ನಮ್ಮ ಬೀದಿಯವ್ರು ಬಂದು ಸುಮ್ನ ಪಕ್ಕದಲ್ಲಿ ಕುಂತ್ರು. ಅವ್ರು ಕುಂತಿದ್ಕೇ ನಮ್ಮವ್ವ ಆವತ್ತು ಉಸಿರಾಡಿದ್ದು. ಶನಿಯಾಚೆಗ ಓದ್ರೂ ಮನುಷ್ರು ಅಂಗೇ ಪಕ್ಕದಲ್ಲಿ ಬಂದು ಕೂರ್ತಾರ ಅಂತ ಈ ಕಂತು ಏಳ್ತದ. ಅದ್ಕೇ ನಂಗ ಇಷ್ಟ."

ಮಣಿಕಂಠ ಎದ್ದು ನಿಂತ. "ಎಲ್ಲಾ ಸರಿ ಮೇಡಂ. ಕೊನೆಗೆ ಅವರು ಬಂದ್ರಾ ಇಲ್ವಾ? ಅದನ್ನೇ ಹೇಳ್ದೆ ಮುಗಿಸ್ತಾರಂತಲ್ಲ, ಅದೂ ಒಂದು ಕಥೆಯಾ?"

ಹಿಂದಿನ ಸಾಲಿನಲ್ಲಿ ಟವಲು ಹೊದ್ದ ಒಂದು ಆಕೃತಿ ನಿಧಾನವಾಗಿ ಎದ್ದಿತು.

"ಬಂದಿವ್ನಿ ಕಣಪ್ಪ," ಅಂದರು ಚಿಕ್ಕಯ್ಯ. "ಇಲ್ಲೇ ಕುಂತಿವ್ನಿ."

ಯಾರೋ ಒಬ್ಬರು ಕೈತಟ್ಟಿದರು. ನೋಡನೋಡುತ್ತ ಇಡೀ ಹಾಲ್ ಚಪ್ಪಾಳೆಯಿಂದ ಅದುರಿತು. ಸೋಮಶೇಖರ್ ಕೈ ಎತ್ತಲು ಹೇಳಿದಾಗ ಎಣಿಸುವ ಅಗತ್ಯವೇ ಬೀಳಲಿಲ್ಲ. ಮಣಿಕಂಠನ ಕೈಯೂ, ತುಸು ತಡವಾಗಿ, ಮೇಲೆದ್ದಿತ್ತು.

ಹನ್ನೊಂದನೇ ಕಂತು ದೊಡ್ಡ ಪರದೆಯಲ್ಲಿ ಓಡಿತು. ಒಬ್ಬರೂ ನಿದ್ದೆ ಹೋಗಲಿಲ್ಲ. ಮುಗಿದ ಮೇಲೂ ಎಷ್ಟೋ ಜನ ಕಣ್ಣೊರೆಸಿಕೊಳ್ಳುತ್ತ ಕೂತೇ ಇದ್ದರು. ಮಣಿಕಂಠ ಬಂದು, "ಕ್ಷಮಿಸಿ ಮೇಡಂ. ನಾನೂ ಅರ್ಧವೇ ನೋಡಿದ್ದು," ಅಂದ. ಸಂಗೀತ ನಕ್ಕುಬಿಟ್ಟಳು.

ಹೊರಗೆ ಹುಣಸೆಮರದ ನೆರಳಲ್ಲಿ ಶಿವಮಲ್ಲು ಒಬ್ಬನೇ ನಿಂತಿದ್ದ. ಅವಳೇ ಹತ್ತಿರ ಹೋದಳು.

"ಆವತ್ತು ನಿಮ್ಮ ಮಾತ್ನ ಪೂರಾ ಕೇಳ್ಲಿಲ್ಲ ನಾನು. ಮನಸ್ಗ ಅಚ್ಕೋಬೇಡಿ."

"ಕೇಳ್ದೇ ಹಾಕಿದ್ದು ನಾನು. ನಿಮ್ದೇನದ?" ಅವನು ತಲೆ ತಗ್ಗಿಸಿದ. "ಈಗ ಇನ್ನೊಂದು ಮಾತದ. ಕೇಳ್ತೀರಾ?"

"ಏಳಿ."

"ಆವತ್ತು ರಾತ್ರಿ ನಿಮ್ಮ ದನಿಯ ಎಷ್ಟು ಸಲ ಕೇಳ್ದೆ ಅಂತ ನಂಗೇ ಗೊತ್ತಿಲ್ಲ. ಮೊದ್ಲು ಆ ಕಂತಿಗೋಸ್ಕರ ಕೇಳ್ದೆ. ಆಮೇಲ... ನಿನ್ ದನಿಗೋಸ್ಕರ ಕೇಳ್ದೆ. ನೀನು ಅಂದ್ರ ನಂಗ ಇಷ್ಟ ಸಂಗೀತ. ಜೀವಕ್ಕಿಂತ ಇಷ್ಟ."

ಅವಳ ಕೆನ್ನೆ ಬಿಸಿಯಾಯಿತು. ಆದರೂ ಕಣ್ಣು ತಗ್ಗಿಸಲಿಲ್ಲ.

"'ನೀವು' ಅನ್ನೋದ್ನ ಬುಟ್ಬುಟ್ರಲ್ಲ."

ಅವನು ಗಾಬರಿಯಾದ. "ಬಾಯಿ ತಪ್ಪಿ ಬಂದ್ಬುಡ್ತು..."

"ಇರ್ಲಿ ಬುಡು. ನಾನೂ ಬುಟ್ಟೆ."

ಅವನು ತಲೆಯೆತ್ತಿ ನೋಡಿದ. ಅವಳ ಕಣ್ಣಲ್ಲಿ ನೀರೂ ನಗುವೂ ಒಟ್ಟಿಗೇ ಇದ್ದವು.

"ಅಂದ್ರ... ನಿಂಗೂ?"

"ಇಷ್ಟು ಜನದ ಮುಂದ ಮೈಕ್ ಇಡ್ಕಂಡು ನಿಂತಿದ್ದು ಬರೀ ಒಂದ್ ಕಂತಿಗೋಸ್ಕರ ಅಂದ್ಕಂಡ್ಯಾ?" ಅವಳು ಅವನ ತೋಳನ್ನು ಮೆಲ್ಲಗೆ ಎಳೆದಳು. "ಬಾ, ನಮ್ಮಪ್ಪ ಅಲ್ಲಿ ನಿಂತವ್ರ. ಈಗ ಏಳಿದ್ನ ಅವ್ರ ಮುಂದನೂ ಏಳುವಂತ."

"ತಡವರಿಸ್ಬುಟ್ರ?"

"ಪಕ್ಕದಲ್ಲಿ ನಾನಿರ್ತೀನಿ ಕಣ," ಅಂದಳು ಸಂಗೀತ.